ಹಳದಿ ಫ್ರಾಕಿನ ಜೇಬು

ಫೆಬ್ರವರಿ 12

ಗುಂಡಿಗೆ,

ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಅದಕ್ಕೇ ಈ ಕಾಗದ. ಇದರಲ್ಲಾದರೆ ನಾನು ಹೇಳಿ ಮುಗಿಸುವ ತನಕ ನೀನು ಅಡ್ಡ ಬಾಯಿ ಹಾಕುವಂತಿಲ್ಲ.

ಹೊಲಿಗೆ ಮಷೀನಿನ ಮುಂದೆ ಕೂತರೆ ಕೂರಲಾಗುತ್ತಿಲ್ಲ. ಬೆಳಗ್ಗೆಯಿಂದ ನಾಲ್ಕು ಸಲ ಎದ್ದು ಕಿಟಕಿ ತೆರೆದೆ, ನಾಲ್ಕು ಸಲ ಮುಚ್ಚಿದೆ. ಎದುರಿನ ಮರ ಚಿಗುರಿದೆ. ಅದು ಚಿಗುರಿತೆಂದರೆ ನನ್ನ ಕೈಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಇಬ್ಬರು ಮಕ್ಕಳನ್ನೂ ಎರಡು ವರ್ಷದ ಅಂತರದಲ್ಲಿ ಒಂದೇ ತಿಂಗಳಲ್ಲಿ ಹೆತ್ತವಳು ನಾನು. ಎರಡು ಹುಟ್ಟುಹಬ್ಬಕ್ಕೂ ಸೇರಿಸಿ ಒಂದೇ ಭಾನುವಾರ, ಒಂದೇ ಕೇಕು. ನಿನಗೆ ಹೊಲಿದ ಫ್ರಾಕು ಎರಡು ವರ್ಷ ಬಿಟ್ಟು ನಿನ್ನ ತಂಗಿಗೆ. ನಿಮ್ಮಪ್ಪ ನಿಮಗೆ ಗುಂಡಿ, ಕಾಜಾ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಒಂದಿದ್ದ ಕಡೆ ಇನ್ನೊಂದು ಇರಲೇಬೇಕು ಅನ್ನುತ್ತಿದ್ದರು. ಈಗ ಕಾಜಾಳ ಮಗಳು ಮರಿಯೂ ಅದೇ ತಿಂಗಳಿಗೆ ಬಂದು ಸೇರಿಕೊಂಡಿದ್ದಾಳೆ. ಈ ಸಲ ಅವಳಿಗೆ ಆರು ತುಂಬುತ್ತದೆ. ಏಪ್ರಿಲ್ ಎರಡನೆಯ ಭಾನುವಾರ ಅಂತ ಇಟ್ಟುಕೊಂಡಿದ್ದೇವೆ.

ಮರಿಗೆ ನಮ್ಮ ಆ ಹಳೆಯ ಹಳದಿ ಫ್ರಾಕಿನ ಅಳತೆಗೇ ಹೊಸದೊಂದು ಹೊಲಿಯುವವಳಿದ್ದೇನೆ. 'ಅಜ್ಜಿ, ಫ್ರಾಕಿನ ಕಥೆ ಹೇಳು' ಅಂತ ದಿನಾ ಜೀವ ತಿನ್ನುತ್ತಾಳೆ. ಅವಳ ಅಮ್ಮ ಆರು ವರ್ಷದ ಪುಟ್ಟಿಯಾಗಿದ್ದಾಗ, ಹುಟ್ಟುಹಬ್ಬದ ದಿನವೇ ಅಪ್ಪನಿಗೆ ಡ್ಯೂಟಿ ಬಿತ್ತೆಂದು ಮುಖ ಊದಿಸಿಕೊಂಡದ್ದು. ಕೇಕಿನ ತುಂಡನ್ನು ಜೇಬಿಗೆ ತುರುಕಿಕೊಂಡು ಎಂಟು ರಸ್ತೆ ದಾಟಿ ಬಸ್ ಡಿಪೋಗೆ ಒಬ್ಬಳೇ ನಡೆದದ್ದು. ಅಪ್ಪನ ಬಸ್ಸು ಹತ್ತಿ ಕೊನೆಯ ಸೀಟಿನ ಕೆಳಗೆ ಅಡಗಿ ಕೂತದ್ದು. ಕೊನೆಯ ಸ್ಟಾಪಿನಲ್ಲಿ ಅಪ್ಪ ಬಗ್ಗಿ ನೋಡಿದರೆ 'ಅಪ್ಪಾ, ಕೇಕು' ಅಂತ ಕೈ ಚಾಚಿದ್ದು. ಹೇಳಿದ್ದೇ ಹೇಳುವ ಕಿಸಬಾಯಿದಾಸಿ ಅನ್ನು ಬೇಕಾದರೆ. ನನಗೆ ಅದನ್ನು ಹೇಳುವಾಗ ಸಿಗುವಷ್ಟು ಸುಖ ಬೇರೆ ಯಾವುದರಲ್ಲೂ ಇಲ್ಲ.

ನಾಲ್ಕು ವರ್ಷದಿಂದ ಆ ಭಾನುವಾರ ನಿನ್ನ ಕುರ್ಚಿ ಖಾಲಿ. ಬೇರೆ ದಿನ ಬರುತ್ತೀ, ಕುರ್ಚಿಯ ತುದಿಯಲ್ಲಿ ಕೂತು ಹೋಗುತ್ತೀ. ಏನಾಯಿತೆಂದು ನಾನು ಕೇಳುವುದಿಲ್ಲ, ನೀನು ಹೇಳುವುದಿಲ್ಲ. ಈ ಸಲ ಬಾ. ನನಗೆ ಅರವತ್ತಾರಾಯಿತು. ಎರಡೂ ಕುರ್ಚಿ ತುಂಬಿದ್ದನ್ನು ಇನ್ನೊಂದು ಸಲ ನೋಡಬೇಕು.

ನಿನ್ನ
ಅಮ್ಮ


ಫೆಬ್ರವರಿ 27

ಅಮ್ಮಾ,

ಬರುವುದಕ್ಕಾಗುವುದಿಲ್ಲ. ಏಪ್ರಿಲಿನಲ್ಲಿ ಈಜುಕೊಳಕ್ಕೆ ಹೊಸ ಮಕ್ಕಳ ತಂಡ ಬರುತ್ತದೆ, ಭಾನುವಾರವೂ ತರಗತಿ ಇರುತ್ತದೆ.

ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ. ಮೂರು ದಿನ ಅದು ಚೀಲದಲ್ಲೇ ಓಡಾಡಿತು. ಇವತ್ತು ಹರಿದು ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ ಅದು ಸುಳ್ಳು. ರಜೆ ಕೇಳಿದರೆ ಕೊಡುತ್ತಾರೆ.

ಆ ಕಥೆ ಕೇಳುವುದಕ್ಕೆ ನಾನು ಬರುವುದಿಲ್ಲ. ಡಿಪೋಗೆ ನಡೆದವಳು ನಾನು. ನೀನು ಅದನ್ನು ಮೊದಲ ಸಲ ಕಾಜಾಳದ್ದು ಮಾಡಿ ಹೇಳಿದಾಗ ನನಗೆ ಹದಿನಾಲ್ಕು ವರ್ಷ. ಬಾಯಿ ತಪ್ಪಿ ಬಂತೇನೋ ಅಂದುಕೊಂಡೆ. ಆಮೇಲೆ ಪ್ರತಿ ವರ್ಷ ಹೇಳಿದೆ. ಮರಿಯ ಮೊದಲ ಹುಟ್ಟುಹಬ್ಬಕ್ಕೆ ತಡೆಯಲಾರದೆ ಎಲ್ಲರೆದುರು 'ಅಮ್ಮಾ, ಅದು ನಾನು' ಅಂದೆ. ನೀನು ನಕ್ಕುಬಿಟ್ಟೆ. 'ಇವಳಿಗೆ ಯಾವಾಗ್ಲೂ ತಂಗಿ ತಟ್ಟೇಲಿರೋದೇ ಬೇಕು' ಅಂದೆ. ಎಲ್ಲರೂ ನಕ್ಕರು. ಅಪ್ಪ ತನ್ನ ತಟ್ಟೆ ನೋಡುತ್ತಾ ಕೂತಿದ್ದ. ನಾನು ಕೇಕು ಕತ್ತರಿಸುವ ಮೊದಲೇ ಎದ್ದು ಹೋದೆ. ಏನಾಯಿತೆಂದು ಕೇಳುವುದಿಲ್ಲ ಅಂದೆಯಲ್ಲ, ಆದದ್ದು ಇಷ್ಟೇ.

ಚಿಕ್ಕ ವಿಷಯ, ಗೊತ್ತು. ಇಲ್ಲಿ ಆರು ವರ್ಷದ ಮಕ್ಕಳಿಗೆ ಈಜು ಕಲಿಸುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಸುತ್ತೇನೆ. ಹನ್ನೆರಡಿರಬೇಕು, ಹನ್ನೊಂದಾಯಿತೆಂದರೆ ಬಟ್ಟೆಯ ಸಮೇತ ನೀರಿಗೆ ಧುಮುಕುತ್ತೇನೆ. ಆರು ವರ್ಷದ ಮಗುವಿಗೆ ಎಲ್ಲವೂ ಅರ್ಥವಾಗುತ್ತದೆ, ಅಮ್ಮ.

ಗುಂಡಿ


ಮಾರ್ಚ್ 6

ಗುಂಡಿಗೆ,

ನಿನ್ನ ಕಾಗದ ಬಂದಾಗ ಕತ್ತರಿ ಕೆಳಗಿಟ್ಟವಳು ಇನ್ನೂ ಎತ್ತಿಲ್ಲ. ಗಿರಾಕಿಯೊಬ್ಬಳ ಕೋಟಿನ ಎಡತೋಳನ್ನು ಬಲಕ್ಕೆ ಸೇರಿಸಿದ್ದೆ, ಬಿಚ್ಚಿ ಕೂತಿದ್ದೇನೆ. ನಲವತ್ತು ವರ್ಷದಲ್ಲಿ ಇಂಥ ತಪ್ಪು ಮಾಡಿದವಳಲ್ಲ.

ಮೂಗಿನ ತುದಿಯಲ್ಲೇ ಕೋಪ ನಿನಗೆ. ಒಂದು ನಗುವಿನ ಮಾತಿಗೆ ನಾಲ್ಕು ವರ್ಷ ಹುಟ್ಟುಹಬ್ಬಕ್ಕೆ ಬರುವುದನ್ನು ಬಿಡುತ್ತಾರಾ ಯಾರಾದರೂ? ನಿನಗೇನು ಕಡಿಮೆ ಮಾಡಿದ್ದೆ? ಹೊಸ ಬಟ್ಟೆ ಯಾವಾಗಲೂ ನಿನಗೇ. ಅವಳು ಉಟ್ಟದ್ದೆಲ್ಲ ನೀನು ಬಿಟ್ಟದ್ದು.

ಫೋಟೋ ಇದೆ, ಕಣ್ಣಿದ್ದವರು ನೋಡಲಿ. ಗೋಡೆಯ ಮೇಲೆ ಮೂವತ್ತು ವರ್ಷದಿಂದ ತೂಗುತ್ತಿದೆ. ಹಳದಿ ಫ್ರಾಕಿನಲ್ಲಿ ನಿಂತವಳು ಕಾಜಾ, ಮುಂದಿನ ಹಲ್ಲಿಲ್ಲ, ಕೈಯಲ್ಲಿ ಬಲೂನು. ಹೊಲಿಗೆಯವಳಿಗೆ ಮುಖ ಮರೆಯಬಹುದು, ಬಟ್ಟೆ ಮರೆಯುವುದಿಲ್ಲ. ಈ ಬೀದಿಯಲ್ಲಿ ಯಾರ ಮದುವೆ ಯಾವಾಗ ಆಯಿತೆಂದು ಕೇಳಿದರೆ ನನಗೆ ಗೊತ್ತಿಲ್ಲ. ಏನು ಹೊಲಿದೆ ಅಂದರೆ ಗುಂಡಿಯ ಬಣ್ಣದ ಸಮೇತ ಹೇಳುತ್ತೇನೆ. ಹಳದಿ ಫ್ರಾಕು ಅಂದರೆ ಡಿಪೋ ಕಥೆ, ಹಳದಿ ಫ್ರಾಕು ಅಂದರೆ ಕಾಜಾ. ಇದರಲ್ಲಿ ಎರಡು ಮಾತಿಲ್ಲ.

ನಾಳೆ ಪೆಟ್ಟಿಗೆಯಿಂದ ಅದನ್ನು ತೆಗೆದು ಮರಿಯ ಬಟ್ಟೆಗೆ ಗುರುತು ಹಾಕುತ್ತೇನೆ. ನೀನು ಬರುವುದೂ ಬಿಡುವುದೂ ನಿನಗೆ ಸೇರಿದ್ದು.

ಅಮ್ಮ


ಮಾರ್ಚ್ 9

ಗುಂಡೀ,

ಮೊನ್ನೆಯ ಕಾಗದ ಸಿಕ್ಕಿರದಿದ್ದರೆ ಒಡೆಯಬೇಡ. ಸಿಕ್ಕಿದ್ದರೆ ಒಲೆಗೆ ಹಾಕು.

ಫ್ರಾಕು ತೆಗೆದೆ. ಬಲಗಡೆ ಸೊಂಟದ ಕೆಳಗೆ ಬಿಳಿ ಬಟ್ಟೆಯ ಹೂವೊಂದನ್ನು ಹಚ್ಚಿದ್ದೇನೆ, ಅಂಗೈಯಷ್ಟು ದೊಡ್ಡದು. ಮರಿಗೂ ಇಂಥದ್ದೇ ಹೂವು ಕತ್ತರಿಸಲೆಂದು ಕತ್ತರಿ ಎತ್ತಿದವಳು ಹಾಗೇ ಕೆಳಗಿಟ್ಟೆ. ಅಂದಕ್ಕೆಂದು ಇಷ್ಟು ದೊಡ್ಡ ಹೂವು ಹಚ್ಚುವವಳಲ್ಲ ನಾನು. ನನ್ನ ಕೈಯಿಂದ ಹೂವು ಬಂದಿದೆ ಅಂದರೆ ಅದರ ಕೆಳಗೆ ಏನೋ ಮುಚ್ಚಿದ್ದೇನೆ ಅಂತಲೇ ಅರ್ಥ.

ಬಿಚ್ಚಿದೆ. ಕೆಳಗೆ ಜೇಬು ಕಿತ್ತ ಗುರುತು, ಮೂರು ಕಡೆ ಸೂಜಿಯ ತೂತಿನ ಸಾಲು. ನಡುವೆ ಕಂದು ಬಣ್ಣಕ್ಕೆ ತಿರುಗಿದ ಜಿಡ್ಡಿನ ಕಲೆ. ಕೇಕಿನ ಬೆಣ್ಣೆ. ಎಷ್ಟು ಉಜ್ಜಿದ್ದೆ ಆ ಕಲೆಯನ್ನು! ಹೋಗದಿದ್ದಕ್ಕೆ ಜೇಬು ಕಿತ್ತು, ಅದರ ಮೇಲೆ ಹೂವು ಹಚ್ಚಿ, ಎರಡು ವರ್ಷ ಬಿಟ್ಟು ಕಾಜಾಳಿಗೆ ತೊಡಿಸಿದ್ದೆ.

ಗೋಡೆಯಿಂದ ಫೋಟೋ ಇಳಿಸಿ ಕನ್ನಡಕ ಹಾಕಿಕೊಂಡು ನೋಡಿದೆ. ಹೂವು ಇದೆ. ಮೂವತ್ತು ವರ್ಷದಿಂದ ಇದೆ. ಜೇಬೇ ಇಲ್ಲದ ಫ್ರಾಕಿನಲ್ಲಿ ಅವಳು ಕೇಕನ್ನು ಎಲ್ಲಿ ಇಟ್ಟುಕೊಂಡು ಹೋದಳು?

ನಿನ್ನ ಆರನೆಯ ಹುಟ್ಟುಹಬ್ಬದ ಫೋಟೋ ಇಲ್ಲ. ಫೋಟೋ ತೆಗೆಯುವ ಹೊತ್ತಿಗೆ ನಾವೆಲ್ಲ ಬೀದಿಯಲ್ಲಿ ನಿನ್ನ ಹೆಸರು ಕೂಗುತ್ತಿದ್ದೆವು. ಐದು ಗಂಟೆಯ ಹೊತ್ತು, ಗುಂಡೀ. ಬಾವಿ ನೋಡಿದೆವು, ನೀರಿನ ಟ್ಯಾಂಕು ನೋಡಿದೆವು. ಆಮೇಲೆ ಗೇಟಿನಲ್ಲಿ ನೀನು ಅಪ್ಪನ ಕೈ ಹಿಡಿದುಕೊಂಡು ಬಂದೆ. ಎಲ್ಲರೆದುರೂ ನಿನ್ನ ಕೆನ್ನೆಗೆ ಬಿಟ್ಟೆ. ಐದು ಬೆರಳೂ ಮೂಡಿತ್ತು. ನೀನು ಅಳಲಿಲ್ಲ. ಅದನ್ನೆಲ್ಲ ನಾನು ಹೇಗೆ ಮರೆತೆ? ಕೇಕು ನೆನಪಿಟ್ಟುಕೊಂಡು ಏಟು ಮರೆತೆ. ಹೇಳಿ ಹೇಳಿ, ನನಗೆ ಚುಚ್ಚುವುದನ್ನೆಲ್ಲ ಕತ್ತರಿಸಿ ಬಿಸಾಡಿದ್ದೇನೆ.

ನಿಮ್ಮಪ್ಪನಿಗೆ ಫ್ರಾಕು ತೋರಿಸಿದೆ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಇಷ್ಟು ವರ್ಷ ಯಾಕೆ ಬಾಯ್ಬಿಡ್ಲಿಲ್ಲ?"

"ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ..." ಅಂದವರೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಮುಖ. ಇನ್ನೂ ಏನೋ ಇದೆ. ಏನದು? ನೀನಾದರೂ ಹೇಳು.

ತಪ್ಪಾಯಿತು ಅಂತ ಬರೆಯಬೇಕು. ಬರೆದಿದ್ದೇನೆ ನೋಡು. ತಪ್ಪಾಯಿತು.

ಅಮ್ಮ


ಮಾರ್ಚ್ 17

ಅಮ್ಮಾ,

ನಿನ್ನ ಎರಡೂ ಕಾಗದ ಒಂದೇ ದಿನ ಬಂದವು. ಬೈಗುಳ ಮೊದಲು ಓದಿದೆ, ಆಮೇಲೆ ಇನ್ನೊಂದು. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ಅತ್ತೆ. ತಲೆಗೆ ಟವೆಲ್ ಸುತ್ತಿಕೊಂಡಿದ್ದ ಪುಟ್ಟ ಹುಡುಗಿಯೊಬ್ಬಳು ಬಂದು 'ಮಿಸ್, ಕಣ್ಣಿಗೆ ನೀರು ಹೋಯ್ತಾ?' ಅಂದಳು. ಹೋಯಿತು ಅಂದೆ.

ಏಟಿನ ಬಗ್ಗೆ ನನಗೆ ಸಿಟ್ಟಿಲ್ಲ. ನಿಜವಾಗಿ. ಇಲ್ಲಿ ಒಂದು ತಲೆ ಐದು ನಿಮಿಷ ಕಾಣಿಸದಿದ್ದರೆ ನನಗೇ ಕೈ ಎತ್ತುವಷ್ಟು ಭಯವಾಗುತ್ತದೆ. ನಿನಗೆ ಐದು ಗಂಟೆ. ಆ ಏಟಾದರೂ ನನ್ನದೇ ಆಗಿತ್ತು. ಅದನ್ನೂ ಕಥೆಯಿಂದ ತೆಗೆದುಹಾಕಿದೆಯಲ್ಲ, ಅದಕ್ಕೆ ಸಿಟ್ಟು. ಆವತ್ತು ಆದದ್ದರಲ್ಲಿ ಸಿಹಿಯೆಲ್ಲ ತಂಗಿಗೆ ಹೋಯಿತು. ನನಗೆ ಉಳಿದದ್ದು ಕೆನ್ನೆ ಒಂದೇ, ಅದೂ ಯಾರಿಗೂ ಗೊತ್ತಿಲ್ಲದ ಹಾಗೆ.

ಇನ್ನೇನಿದೆ ಎಂದು ಕೇಳಿದೆ. ಇದೆ. ನಾನು ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. ಇಷ್ಟು ವರ್ಷ ಕಾದದ್ದು ನೀನು ಸರಿಪಡಿಸಿಕೊಳ್ಳುತ್ತೀ ಎಂದಲ್ಲ. ಪ್ರತಿ ವರ್ಷ ನೀನು ಕಥೆ ಶುರು ಮಾಡಿದಾಗ ನಾನು ನೋಡುತ್ತಿದ್ದದ್ದು ನಿನ್ನ ಮುಖವನ್ನಲ್ಲ. ಅಪ್ಪನನ್ನು ಕೇಳು.

ಗುಂಡಿ


ಮಾರ್ಚ್ 24

ಗುಂಡಿಗೆ ಅಪ್ಪ ಬರೆಯುವುದು.

ನಾನು ಕಾಗದ ಬರೆದವನಲ್ಲ. ಮೂವತ್ತೊಂದು ವರ್ಷ ಬರೆದದ್ದು ಟ್ರಿಪ್ ಶೀಟು ಮಾತ್ರ. ನಾಲ್ಕು ದಿನದಿಂದ ಕೂತು ಏಳುತ್ತಿದ್ದೇನೆ, ನಿಮ್ಮಮ್ಮ ಮಷೀನು ತುಳಿಯುವುದನ್ನೂ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾಳೆ. ಅದಕ್ಕೆ ನನಗೆ ಬರುವ ಹಾಗೆ ಬರೆಯುತ್ತೇನೆ.

ಡಿಪೋದಿಂದ ಹೊರಟದ್ದು: 1.40. ಮನೆಯ ಬೀದಿಗೆ ಬಂದದ್ದು: 6.20.

ಪ್ರಯಾಣಿಕರು: ನಲವತ್ತೆರಡು. ಜೊತೆಗೆ ಮಗು ಒಂದು, ಟಿಕೆಟ್ ಇಲ್ಲ.

ಮಗು ಕೂತ ಜಾಗ: ಚಾಲಕನ ಹಿಂದಿನ ಸೀಟು. ಕೊನೆಯ ಸೀಟಿನ ಕೆಳಗಲ್ಲ.

ದಾರಿಯಲ್ಲಿ ತೊಂದರೆ: ಇಲ್ಲ. ಮಗು ದಾರಿಯುದ್ದಕ್ಕೂ ಮಾತಾಡಿತು. ಸೇತುವೆ ಬಂದಾಗ ಎದ್ದು ನಿಂತು ನನ್ನ ಕಿವಿ ಹಿಡಿದುಕೊಂಡಿತು.

ಷರಾ: ನೀನು ಡಿಪೋ ಗೇಟಿನಲ್ಲಿ ನಿಂತು ಜೇಬಿನಿಂದ ಆ ಪುಡಿಪುಡಿ ಕೇಕು ತೆಗೆದು ಕೊಟ್ಟಾಗ ನಾನು ಏನು ಮಾಡಬೇಕಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆಫೀಸಿನಲ್ಲಿ ಫೋನಿತ್ತು. ನಮ್ಮ ಮನೆಯ ಎದುರಿನ ಅಂಗಡಿಯಲ್ಲೂ ಇತ್ತು. ಎರಡು ನಿಮಿಷದ ಕೆಲಸ. ಫೋನು ಮಾಡಿದರೆ ಯಾರಾದರೂ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತಾರೆ. ನನಗೆ ಕಳಿಸುವ ಮನಸ್ಸಿರಲಿಲ್ಲ. ನಿಮ್ಮ ಹುಟ್ಟುಹಬ್ಬ ಒಂದನ್ನೂ ಅಲ್ಲಿಯ ತನಕ ನಾನು ನೋಡಿರಲಿಲ್ಲ, ಪ್ರತಿ ವರ್ಷ ಭಾನುವಾರದ ಡ್ಯೂಟಿ. ಈ ವರ್ಷ ಹಬ್ಬವೇ ನಡೆದುಕೊಂಡು ನನ್ನ ಹತ್ತಿರ ಬಂದಿದೆ ಅನ್ನಿಸಿತು. ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಮನೆಯಲ್ಲಿ ಹುಡುಕುತ್ತಾರೆ ಎಂದು ಗೊತ್ತಿದ್ದೂ ಕೂರಿಸಿದೆ.

ಬೀದಿಗೆ ತಿರುಗಿದಾಗ ಗೇಟಿನಲ್ಲಿ ಜನ ಕಂಡರು. ನಿಮ್ಮಮ್ಮ ಬರಿಗಾಲಿನಲ್ಲಿ ನಿಂತಿದ್ದಳು. ಹೆದರಿದೆ. ಹೆಗಲಿನಿಂದ ಇಳಿಸುವ ಮೊದಲು ನಿನಗೆ ಹೇಳಿದೆ: 'ಪುಟ್ಟಾ, ಸೀಟಿನ ಕೆಳಗೆ ಬಚ್ಚಿಟ್ಕೊಂಡಿದ್ದೆ ಅಂತ ಹೇಳು. ಅಪ್ಪಂಗೆ ಗೊತ್ತಿರ್ಲಿಲ್ಲ ಅಂತ ಹೇಳು.' ನೀನು 'ಆಯ್ತಪ್ಪ' ಅಂದೆ. ಹಾಗೇ ಹೇಳಿದೆ. ನನಗೆ ಬೀಳಬೇಕಾದ್ದು ನಿನಗೆ ಬಿತ್ತು. ನಾನು ಪಕ್ಕದಲ್ಲಿ ನಿಂತು ನೋಡಿದೆ.

ಆಮೇಲೆ ನಿಮ್ಮಮ್ಮ ಅದನ್ನು ಕಾಜಾಳ ಕಥೆ ಮಾಡಿದಾಗ ನನಗೆ ನಿರಾಳವಾಯಿತು. ಆ ಕಥೆಯಲ್ಲಿ ಯಾರಿಗೂ ಏಟಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಪ್ರತಿ ವರ್ಷ ತಟ್ಟೆ ನೋಡುತ್ತಾ ಕೂತೆ. ನೀನು ನನ್ನನ್ನೇ ನೋಡುತ್ತಿದ್ದೆ ಎಂದು ಗೊತ್ತಿತ್ತು.

ಇದನ್ನು ನಿಮ್ಮಮ್ಮನಿಗೆ ಬಾಯಲ್ಲಿ ಹೇಳಿ ಆಮೇಲೆ ಬರೆದಿದ್ದೇನೆ.

ತಪ್ಪು ಯಾರದು ಎಂಬ ಕಾಲಮ್ಮು ಟ್ರಿಪ್ ಶೀಟಿನಲ್ಲಿ ಕೊನೆಗಿರುತ್ತದೆ. ಚಾಲಕನದು.

ನೀನು ಬರುವುದಾದರೆ ಮೊದಲ ಬಸ್ಸಿನಿಂದ ಕೊನೆಯ ಬಸ್ಸಿನ ತನಕ ಸ್ಟಾಪಿನಲ್ಲಿ ನಿಂತಿರುತ್ತೇನೆ.

ಅಪ್ಪ


ಮಾರ್ಚ್ 29

ಗುಂಡಿಗೆ,

ನಿಮ್ಮಪ್ಪನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ. ಮೂರನೆಯ ದಿನ ಉಪ್ಪಿನ ಡಬ್ಬಿ ಎಲ್ಲಿ ಅಂತ ಕೇಳಬೇಕಾಗಿ ಬಂತು. ಆಮೇಲೆ ಇಬ್ಬರೂ ಕೂತು ಒಬ್ಬರಾದ ಮೇಲೆ ಒಬ್ಬರು ಅತ್ತೆವು. ಅವರು ಆ ಟ್ರಿಪ್ಪಿನಲ್ಲಿ ನೀನು ಏನೇನು ಮಾತಾಡಿದೆ ಅಂತ ಪೂರ್ತಿ ಹೇಳಿದರು. ಬಸ್ಸಿಗೆ ಹೊಟ್ಟೆನೋವು ಬರುತ್ತಾ ಅಂತ ಕೇಳಿದ್ದೆಯಂತೆ. ಮೂವತ್ತು ವರ್ಷ ಈ ಮನುಷ್ಯ ಅದನ್ನೆಲ್ಲ ಒಬ್ಬನೇ ಇಟ್ಟುಕೊಂಡಿದ್ದ ನೋಡು.

ಈಗ ಬೇರೆ ತಲೆನೋವು. ಕಾಜಾಳಿಗೆ ಹೇಳಿದೆವು. ಮೊದಲು ನಕ್ಕಳು. ಸಂಜೆ ಫೋನು ಮಾಡಿ, "ಅಕ್ಕನದು ಅಕ್ಕನಿಗೆ ಕೊಡಿ, ನಾನು ಬೇಡ ಅನ್ನಲ್ಲ. ಆದ್ರೆ ಅಮ್ಮಾ, ಹಾಗಾದ್ರೆ ನನ್ನ ಕಥೆ ಯಾವ್ದು?" ಅಂದಳು. ಪೆಟ್ಟಿಗೆಯ ಬಟ್ಟೆಯನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಹುಡುಕುತ್ತಿದ್ದೇನೆ. ಒಂದೂ ಅವಳಿಗೆಂದು ಹೊಲಿದದ್ದಲ್ಲ, ಎಲ್ಲವೂ ನೀನು ಉಟ್ಟು ಬಿಟ್ಟದ್ದು. ಒಬ್ಬಳಿಗೆ ಮಾಡಿದ ಅನ್ಯಾಯ ತಿದ್ದಲು ಹೋಗಿ ಇನ್ನೊಬ್ಬಳನ್ನು ಬರಿಗೈ ಮಾಡಿದೆನೇನೋ.

ಬರುತ್ತೀಯೋ ಇಲ್ಲವೋ, ಒಂದು ಸಾಲು ಬರೆ. ಮರಿಯ ಫ್ರಾಕು ಕತ್ತರಿಸಿ ಇಟ್ಟಿದ್ದೇನೆ. ಜೇಬು ಇಡಲೋ ಬೇಡವೋ ತಿಳಿಯದೆ ಕೈ ಓಡುತ್ತಿಲ್ಲ.

ಅಮ್ಮ


ಏಪ್ರಿಲ್ 4

ಅಮ್ಮಾ,

ಜೇಬು ಇಡು. ಎರಡೂ ಕಡೆ ಇಡು, ದೊಡ್ಡದಾಗಿ.

ಕಾಜಾಳ ಕಥೆ ನನ್ನ ಹತ್ತಿರ ಇದೆ. ಆವತ್ತು ಏಟು ತಿಂದು ಒಳಗೆ ಓಡಿದವಳು ನಿನ್ನ ಹೊಲಿಗೆ ಮಷೀನಿನ ಕೆಳಗೆ ನುಗ್ಗಿದೆ. ಅಲ್ಲಿ ಅವಳು ಆಗಲೇ ಕೂತಿದ್ದಳು. ನಾಲ್ಕು ವರ್ಷದ ಕೂಸು. ಎಲ್ಲರೂ ನನ್ನನ್ನು ಹುಡುಕುವ ಗಲಾಟೆಯಲ್ಲಿ ಅವಳನ್ನು ಯಾರೂ ಎಣಿಸಿರಲಿಲ್ಲ. ಮಧ್ಯಾಹ್ನದಿಂದ ಅಲ್ಲೇ ಇದ್ದಳಂತೆ. ಎರಡೂ ಮುಷ್ಟಿಯಲ್ಲಿ ಅವಳ ಪಾಲಿನ ಕೇಕು, ಹಿಸುಕಿ ಹಿಸುಕಿ ಅಂಟಾಗಿತ್ತು. ಒಂದು ಚೂರೂ ತಿಂದಿರಲಿಲ್ಲ. "ಅಕ್ಕಾ, ನಿಂದು ಖಾಲಿ ಆಯ್ತಲ್ಲ, ಇದ್ರಲ್ಲಿ ಅರ್ಧ ನಿಂಗೆ" ಅಂದಳು. ಒಂದು ಮುಷ್ಟಿ ಬಿಚ್ಚಿ ನನ್ನ ಬಾಯಿಗಿಟ್ಟಳು. ಇನ್ನೊಂದು ಕೈಯನ್ನು, ಕೇಕಿನ ಸಮೇತ, ನನ್ನ ಕೆನ್ನೆಯ ಮೇಲಿಟ್ಟಳು. ಆ ಕೇಕು ಜಾರಿ ನನ್ನ ಜೇಬಿನ ಮೇಲೇ ಬಿತ್ತು. ಫ್ರಾಕಿನ ಕಲೆ ನನ್ನದು ಮಾತ್ರ ಅಲ್ಲ ಅಂತ ಅವಳಿಗೆ ಹೇಳು. ಬೇಡ, ನೀನು ಹೇಳಬೇಡ! ನಿನ್ನ ಬಾಯಿಗೆ ಬಿದ್ದರೆ ಅದು ಮುಂದಿನ ವರ್ಷಕ್ಕೆ ಪಕ್ಕದ ಮನೆಯವಳ ಕಥೆಯಾಗುತ್ತದೆ. ನಾನೇ ಬಂದು ಹೇಳುತ್ತೇನೆ, ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು. ಆವತ್ತು ನೀನು ಬಾಯಿಗೆ ಕೇಕು ಹಾಕಿಕೊಂಡು ಸುಮ್ಮನಿರತಕ್ಕದ್ದು.

ರಜೆ ಸಿಕ್ಕಿದೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಸಿಟ್ಟು ಪೂರ್ತಿ ಹೋಗಿದೆ ಅಂತ ಹೇಳಲಾರೆ, ಅದೂ ಜೊತೆಗೇ ಬರುತ್ತದೆ. ಅಪ್ಪನ ಟ್ರಿಪ್ ಶೀಟನ್ನು ಹತ್ತು ಸಲ ಓದಿದ್ದೇನೆ. ಸೇತುವೆಯ ಮೇಲೆ ಕಿವಿ ಹಿಡಿದದ್ದು ನನಗೆ ಮರೆತೇಹೋಗಿತ್ತು.

ಮಂಡಿನೋವು ಇಟ್ಟುಕೊಂಡು ಸ್ಟಾಪಿಗೆ ಬಂದು ನಿಲ್ಲುವುದು ಬೇಡ ಅಂತ ಅಪ್ಪನಿಗೆ ಹೇಳು. ದಾರಿ ನನಗೆ ಆರು ವರ್ಷಕ್ಕೇ ಗೊತ್ತಿತ್ತು. ಅಪ್ಪ ಗೇಟಿನಲ್ಲಿ ನಿಂತಿರಲಿ, ಆವತ್ತು ನೀವೆಲ್ಲ ನಿಂತಿದ್ದ ಜಾಗದಲ್ಲೇ. ನಾನು ಬಂದಾಗ ನೀನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ, 'ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು?' ಅಂತ ಕೇಳು.

ಈ ಸಲ ಅಪ್ಪ ಉತ್ತರ ಹೇಳಲಿ.

ಗುಂಡಿ